ಕಾಂಟೆಸ್ಸಾ ಮಣ್ಣಿಗಿಳಿಯುವ ಮುನ್ನ

ಗುಂಡ್ಲುಪೇಟೆಯಿಂದ ಚಾಮರಾಜನಗರಕ್ಕೆ ಹೋಗುವ ದಾರಿಯಲ್ಲಿ ತೆರಕಣಾಂಬಿ ಸಿಗುತ್ತದೆ. ತರಕಾರಿ ಲೋಡು, ಕಲ್ಲಿನ ಟಿಪ್ಪರು, ಅರಿಶಿನದ ಚೀಲ ಹೇರಿದ ಟ್ರ್ಯಾಕ್ಟರು, ಹುಲುಗನಮುರಡಿ ಬೆಟ್ಟಕ್ಕೆ ಹೊರಟ ಭಕ್ತರ ಟೆಂಪೊ, ಇವೇ ಈ ರಸ್ತೆಯ ಓಡಾಟ. ಇಂಥ ಕಡೆ ಕೂತು ಹಳೇ ಕಾಂಟೆಸ್ಸಾ ಕಾರನ್ನು ರೇಸಿಗೆ ಕಟ್ಟುವ ಮಾತಾಡಿದರೆ ಟೀ ಅಂಗಡಿಯಲ್ಲಿ ನಗುವವರಿರುತ್ತಾರೆ. ಆದರೆ ನಕ್ಷೆ ಬಿಡಿಸಿ ನೋಡಿದರೆ ಈ ಊರು ಒಳ್ಳೇ ಜಾಗದಲ್ಲೇ ಇದೆ. ಒಂದು ಕಡೆ ಮೈಸೂರು. ಅಲ್ಲಿನ ಲಲಿತಮಹಲ್ ಹೆಲಿಪ್ಯಾಡ್ ಮೈದಾನದಲ್ಲಿ ದಸರಾ ಹೊತ್ತಿನಲ್ಲಿ ಗ್ರಾವೆಲ್ ಫೆಸ್ಟ್ ಹೆಸರಿನಲ್ಲಿ ಕಾರುಗಳು ಕೆಂಪು ಧೂಳೆಬ್ಬಿಸಿವೆ. ಇನ್ನೊಂದು ಕಡೆ ದಿಂಬಂ ಘಾಟಿಯ 27 ತಿರುವು ಇಳಿದು ಸತ್ಯಮಂಗಲ ದಾಟಿದರೆ ಕೊಯಮತ್ತೂರು. ಕರಿ ಮೋಟಾರ್ ಸ್ಪೀಡ್‌ವೇ ಇರುವ, ಲೇತ್ ಅಂಗಡಿಗಳಿಗೆ ಲೆಕ್ಕವೇ ಇಲ್ಲದ ಊರು ಅದು. ಪಡುವಲಿಗೆ ಕೊಡಗು, ಅಲ್ಲಿ ಭತ್ತ ಕೊಯ್ದ ಗದ್ದೆಗಳಲ್ಲೇ ಆಟೋಕ್ರಾಸ್ ನಡೆಯುತ್ತದೆ. ನೋಡುವುದಕ್ಕೆ ಮೈಸೂರು, ಕಲಿಯುವುದಕ್ಕೆ ಕೊಡಗು, ಬಿಡಿಭಾಗ ಕಡೆಸುವುದಕ್ಕೆ ಕೊಯಮತ್ತೂರು. ಮೂರೂ ಒಂದು ದಿನದ ದಾರಿಯೊಳಗೇ ಇವೆ.

ಆಟೋಕ್ರಾಸ್ ಎಂದರೆ ಒಂದೊಂದು ದೇಶದಲ್ಲಿ ಒಂದೊಂದು ಆಟ. ಅಮೆರಿಕದಲ್ಲಿ ಖಾಲಿ ಪಾರ್ಕಿಂಗ್ ಜಾಗದ ಡಾಂಬರಿನ ಮೇಲೆ ಪ್ಲಾಸ್ಟಿಕ್ ಕೋನ್ ಇಟ್ಟು, ಒಂದೊಂದೇ ಕಾರು ಬಿಟ್ಟು, ಗಡಿಯಾರ ಹಿಡಿಯುತ್ತಾರೆ. ನಮ್ಮಲ್ಲಿ ಬಹುಪಾಲು ಮಣ್ಣಿನ ಮೇಲೆಯೇ. ಕಿಲೋಮೀಟರ್ ಒಂದೆರಡರಷ್ಟು ಉದ್ದದ ಹಾದಿ, ಅದರ ತುಂಬ ತಿರುವು. ಕೆಲವು ಕಡೆ ಎರಡು ಕಾರುಗಳನ್ನು ಬೇರೆ ಬೇರೆ ಜಾಗದಿಂದ ಒಟ್ಟಿಗೇ ಬಿಡುತ್ತಾರೆ. ಗೆಲ್ಲುವುದು ಮಾತ್ರ ಎದುರಾಳಿಯನ್ನು ಹಿಂದಿಕ್ಕಿದವನಲ್ಲ, ಕಡಿಮೆ ಸೆಕೆಂಡು ತೆಗೆದುಕೊಂಡವನು. ಕಾರು ಹೆಚ್ಚಿನ ಹೊತ್ತು ಎರಡನೇ ಗೇರಿನಲ್ಲೇ ಇರುತ್ತದೆ, ಮೂರನೆಯದು ಬಿದ್ದರೆ ಅದೃಷ್ಟ. ಈ ಒಂದು ಮಾತನ್ನು ತಲೆಯಲ್ಲಿಟ್ಟುಕೊಂಡರೆ ಅರ್ಧ ದುಡ್ಡು ಉಳಿಯುತ್ತದೆ. ಹೊಸಬರು ಮೊದಲು ಕೈ ಹಾಕುವುದು ಎಂಜಿನ್ನಿಗೆ; ಎರಡನೇ ಗೇರಿನ ಆಟದಲ್ಲಿ ಎಂಜಿನ್ನಿನ ಸರದಿ ಕೊನೆಯದು.

ಯಾವ ಕಾರು?

ಕಾಂಟೆಸ್ಸಾದ ಆಸೆಯ ಹಿಂದಿರುವುದು ಮಸಲ್ ಕಾರ್ ಎಂಬ ಅಮೆರಿಕದ ತಳಿ. 1964ರ ಪಾಂಟಿಯಾಕ್ ಜಿಟಿಓವನ್ನು ಅದರ ಮೂಲಪುರುಷ ಎನ್ನುತ್ತಾರೆ. ಸಾಧಾರಣ ಕಾರಿನೊಳಗೆ ದೊಡ್ಡ ವಿ8 ಎಂಜಿನ್, ಹಿಂದಿನ ಚಕ್ರಕ್ಕೆ ಶಕ್ತಿ, ನೇರ ರಸ್ತೆಯಲ್ಲಿ ಅಬ್ಬರ, ತಿರುವಿನಲ್ಲಿ ತಿಣುಕಾಟ. ನಮ್ಮ ಕಾರ್ಖಾನೆಗಳಿಂದ ಅಂಥದ್ದು ಬಂದೇ ಇಲ್ಲ. ಆ ಆಕಾರ, ಆ ಉದ್ದ ಮೂತಿ, ಆ ಠೀವಿಗೆ ಹತ್ತಿರ ಬಂದದ್ದು ಹಿಂದೂಸ್ತಾನ್ ಮೋಟರ್ಸ್‌ನ ಕಾಂಟೆಸ್ಸಾ ಮಾತ್ರ. ಮೂಲ ಅಚ್ಚು ಇಂಗ್ಲೆಂಡಿನ ವಾಕ್ಸಾಲ್ ವಿಕ್ಟರ್ ಕಾರಿನದು. 1984ರಲ್ಲಿ ಮಾರಾಟಕ್ಕೆ ಬಂದಾಗ ಒಳಗಿದ್ದುದು ಅಂಬಾಸಿಡರಿನದೇ 1489 ಸಿಸಿ ಎಂಜಿನ್. ಸುಮಾರು 50 ಅಶ್ವಶಕ್ತಿ. ಅಷ್ಟು ದೊಡ್ಡ ಮೈಗೆ ಅಷ್ಟು ಸಣ್ಣ ಶಕ್ತಿ. ಆ ದಶಕದ ಕೊನೆಯ ಹೊತ್ತಿಗೆ ಇಸುಝು 1.8 ಲೀಟರ್ ಪೆಟ್ರೋಲ್ ಎಂಜಿನ್, ಐದು ಗೇರು ಬಂದವು. ಆಗ 88 ಅಶ್ವಶಕ್ತಿಯಾಗಿ ಕಾರಿಗೆ ಮರ್ಯಾದೆ ಬಂತು. ಆಮೇಲೆ ಇಸುಝು ಡೀಸೆಲ್ಲೂ ಬಂತು. 2002ರಲ್ಲಿ ತಯಾರಿಕೆ ನಿಂತಿತು.

ಕಟ್ಟುವುದಿದ್ದರೆ ಇಸುಝು ಪೆಟ್ರೋಲ್ ಗಾಡಿಯನ್ನೇ ಹುಡುಕಿ. ಡೀಸೆಲ್ ಅಗ್ಗಕ್ಕೆ ಸಿಗುತ್ತದೆ ಎಂದು ಬಲೆಗೆ ಬೀಳಬೇಡಿ. ಮೂತಿಯಲ್ಲಿ ಭಾರ ಹೆಚ್ಚು, ಎಂಜಿನ್ ಏರುವುದು ನಿಧಾನ. ಹಳೇ 1489 ಸಿಸಿ ಗಾಡಿ ಸಿಕ್ಕರೆ ಅದನ್ನು ಹಾಗೇ ಉಳಿಸಿ ಮದುವೆ ಮೆರವಣಿಗೆಗೆ ಕೊಡುವುದು ಮೇಲು.

ಇನ್ನೊಂದು ಮಾತನ್ನು ಮುಲಾಜಿಲ್ಲದೆ ಹೇಳಿಬಿಡುತ್ತೇನೆ. ಕಪ್ ಗೆಲ್ಲುವುದಷ್ಟೇ ಆಸೆಯಾದರೆ ಕಾಂಟೆಸ್ಸಾ ಬೇಡ. ಮಾರುತಿ ಎಸ್ಟೀಮ್ ತೆಗೆದುಕೊಳ್ಳಿ, ಇಲ್ಲವೇ 2000ದ ಆಸುಪಾಸಿನ ಹೋಂಡಾ ಸಿಟಿ ವಿಟೆಕ್. ನಮ್ಮ ದೇಶದ ರ್‍ಯಾಲಿ, ಆಟೋಕ್ರಾಸ್‌ಗಳಲ್ಲಿ ವರ್ಷಗಟ್ಟಲೆ ಬೆವರು ಸುರಿಸಿರುವುದು ಜಿಪ್ಸಿ, ಎಸ್ಟೀಮ್, ಸಿಟಿ ಇಂಥವೇ. ಎಸ್ಟೀಮ್, ಸಿಟಿಗಳದು ಹಗುರ ಮೈ, ಮುಂದಿನ ಚಕ್ರಕ್ಕೆ ಶಕ್ತಿ, ಗುಜರಿಯಲ್ಲಿ ಬೇಕಾದಷ್ಟು ಬಿಡಿಭಾಗ. ಕಾಂಟೆಸ್ಸಾ ಅವುಗಳೆದುರು ಸುಮಾರು 1,200 ಕೆ.ಜಿ. ಹೊತ್ತು ನಿಲ್ಲುತ್ತದೆ. ಆದರೂ ಅದನ್ನೇ ಕಟ್ಟುವೆನೆಂದರೆ ಕಾರಣ ಒಂದೇ: ಹಿಂದಿನ ಚಕ್ರದಿಂದ ತಳ್ಳಿಸಿಕೊಂಡು, ಬಾಲವನ್ನು ಹೊರಗೆ ಜಾರಿಸುತ್ತ, ಸ್ಟೇರಿಂಗನ್ನು ಉಲ್ಟಾ ತಿರುಗಿಸುತ್ತ ತಿರುವು ದಾಟುವ ಸುಖ. ಮುಂಚಕ್ರದ ಕಾರಿನಲ್ಲಿ ಅದು ಸಿಗುವುದಿಲ್ಲ. ಈ ಸುಖಕ್ಕೆ ಬೆಲೆ ಕೊಡಲು ಸಿದ್ಧರಿದ್ದವರು ಮುಂದೆ ಓದಿ.

ಖರೀದಿಗೆ ಹೋದಾಗ ಪೇಂಟು ನೋಡಬೇಡಿ, ಕೆಳಗೆ ಮಲಗಿ ನೋಡಿ. ಈ ಕಾರಿಗೆ ಲಾರಿ, ಜೀಪಿನಂತೆ ಬೇರೆ ಚಾಸಿ ಇಲ್ಲ, ಮೈಯೇ ಚಾಸಿ. ಬಾಗಿಲ ಕೆಳಗಿನ ಪಟ್ಟಿ, ಫ್ಲೋರ್, ಡಿಕ್ಕಿಯ ತಳ, ಹಿಂದಿನ ಸ್ಪ್ರಿಂಗ್ ಕೂರುವ ಜಾಗ, ಮುಂದೆ ಎಂಜಿನ್ ಹೊತ್ತಿರುವ ತೊಲೆಯ ಬೋಲ್ಟು ಕೂರುವ ಕಡೆ, ಇಲ್ಲೆಲ್ಲ ಸ್ಕ್ರೂಡ್ರೈವರ್ ತುದಿಯಿಂದ ಚುಚ್ಚಿ. ಒಳಗೆ ಹೋದರೆ ತುಕ್ಕು, ಪುಡಿಯುದುರಿದರೆ ಪುಟ್ಟಿ. ಬಾಗಿಲು, ಬಾನೆಟ್ಟಿನ ತುಕ್ಕಿಗೆ ಹೆದರಬೇಕಿಲ್ಲ. ತಳದ ತುಕ್ಕಿಗೆ ಮಾತ್ರ ಹೆದರಲೇಬೇಕು. ಆಮೇಲೆ ಆರ್‌ಸಿ ಕಾರ್ಡಿನ ಚಾಸಿ ನಂಬರು, ಎಂಜಿನ್ ನಂಬರು ಗಾಡಿಯ ಮೇಲಿರುವುದಕ್ಕೆ ಸರಿಹೊಂದುತ್ತದೆಯೇ ನೋಡಿ. ಕಾಂಟೆಸ್ಸಾಗಳಲ್ಲಿ ಎಂಜಿನ್ ಬದಲಾದ ಗಾಡಿಗಳು ಬಹಳ. ಬದಲಾದದ್ದು ಆರ್‌ಸಿಯಲ್ಲಿ ದಾಖಲಾಗದಿದ್ದರೆ ಚಾಮರಾಜನಗರದ ಆರ್‌ಟಿಓ ಕಚೇರಿಯಲ್ಲಿ ಕೆಎ-10 ನಂಬರಿಗೆ ವರ್ಗ ಮಾಡಿಸಲು ಹೋದ ದಿನ ಗೊತ್ತಾಗುತ್ತದೆ.

ಕಾಗದಪತ್ರದ ಮಾತು

ರೇಸಿಗೆ ಬಿಚ್ಚಿ ಕಟ್ಟಿದ ಕಾರು ರಸ್ತೆಯ ಕಾರಲ್ಲ. ತಯಾರಕರು ಕೊಟ್ಟ ವಿವರದಿಂದ ಬೇರೆಯಾಗುವಂತೆ ವಾಹನ ಮಾರ್ಪಡಿಸುವುದನ್ನು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ತಡೆಯುತ್ತದೆ. 2019ರಲ್ಲಿ ಸುಪ್ರೀಂ ಕೋರ್ಟು ಅದನ್ನು ಇನ್ನಷ್ಟು ಖಚಿತಪಡಿಸಿತು. 15 ವರ್ಷ ದಾಟಿದ ಖಾಸಗಿ ಕಾರಿನ ನೋಂದಣಿ ನವೀಕರಣದ ಶುಲ್ಕ 2022ರ ಏಪ್ರಿಲ್‌ನಲ್ಲೇ 600 ರೂಪಾಯಿಯಿಂದ 5,000ಕ್ಕೆ ಹಾರಿತು. ಹಳೆಯದು ತಾನೆ, ವಿಂಟೇಜ್ ಎಂದು ನೋಂದಾಯಿಸಿದರಾಯಿತು ಎಂದು ಕೆಲವರು ಸಲಹೆ ಕೊಡುತ್ತಾರೆ. 2021ರ ಕೇಂದ್ರದ ನಿಯಮದಲ್ಲಿ ವಿಂಟೇಜ್ ಆಗಲು 50 ವರ್ಷ ತುಂಬಬೇಕು, ಚಾಸಿ, ಬಾಡಿ, ಎಂಜಿನ್ನು ಮೂಲದ್ದೇ ಇರಬೇಕು. ಮೊಟ್ಟಮೊದಲ ಕಾಂಟೆಸ್ಸಾಕ್ಕೂ ಆ ವಯಸ್ಸು ತುಂಬುವುದು 2034ಕ್ಕೆ.

ಹೀಗಾಗಿ ಮೊದಲೇ ತೀರ್ಮಾನ ಮಾಡಿಕೊಳ್ಳಿ. ರಸ್ತೆಗೂ ಬೇಕು, ಮೈದಾನಕ್ಕೂ ಬೇಕು ಎಂದರೆ ಮಾರ್ಪಾಡು ಬುಷ್, ಬ್ರೇಕು, ಟೈರು, ಸೀಟ್‌ಬೆಲ್ಟಿಗೆ ನಿಲ್ಲಲಿ. ಪೂರ್ತಿ ಕಟ್ಟುವುದಾದರೆ ಅದು ಮೈದಾನದ ಕಾರು, ಟೋಯಿಂಗ್ ಗಾಡಿಯ ಮೇಲೇ ಹೋಗಿ ಬರಬೇಕು. ಆ ಬಾಡಿಗೆಯನ್ನು ಬಜೆಟ್ಟಿನಲ್ಲಿ ಬರೆದುಕೊಳ್ಳದವರೇ ಹೆಚ್ಚು. ನಿಮ್ಮ ಸಾಮಾನ್ಯ ವಿಮೆಯೂ ಸ್ಪರ್ಧೆಯಲ್ಲಾದ ನಷ್ಟಕ್ಕೆ ದುಡ್ಡು ಕೊಡುವುದಿಲ್ಲ. ಪಾಲಿಸಿಯ ಕೊನೆಯ ಪುಟಗಳಲ್ಲಿ ಸಣ್ಣ ಅಕ್ಷರದಲ್ಲಿ ಬರೆದಿರುತ್ತಾರೆ, ಓದಿ.

ಬಿಚ್ಚುವ ಕೆಲಸ

ಇದು ಅತ್ಯಂತ ಅಗ್ಗದ ಕೆಲಸ, ಲಾಭವೂ ಅತಿ ಹೆಚ್ಚು. ಹಿಂದಿನ ಸೀಟು, ಕಾರ್ಪೆಟ್ಟು, ಮೇಲ್ಛಾವಣಿಯ ಬಟ್ಟೆ, ಬಾಗಿಲಿನ ಪ್ಯಾಡು, ಏಸಿ ಇದ್ದರೆ ಅದರ ಪೂರ್ತಿ ಸೆಟ್ಟು, ಸ್ಟೆಪ್ನಿ, ಜಾಕಿ ಎಲ್ಲ ಹೊರಗೆ. ಫ್ಲೋರಿಗೆ ಅಂಟಿಸಿದ ಡಾಂಬರು ಹಾಳೆಯನ್ನು ಕೆರೆದು ತೆಗೆಯುವುದು ಬೇಸರದ ಕೆಲಸ. ಆದರೆ ಅದರಡಿಯೇ ತುಕ್ಕು ಅಡಗಿರುತ್ತದೆ, ಬಿಡಬೇಡಿ. ಕಂಡ ತುಕ್ಕನ್ನು ಕತ್ತರಿಸಿ ಹೊಸ ತಗಡು ಬೆಸೆಯಿಸಿ. ಮೇಲೆ ಪುಟ್ಟಿ ಬಳಿದು ಮುಚ್ಚುವ ಟಿಂಕರಿಂಗ್ ಇಲ್ಲಿ ನಡೆಯುವುದಿಲ್ಲ. ಬಿಚ್ಚಿದ್ದೆಲ್ಲವನ್ನೂ ಚೀಟಿ ಅಂಟಿಸಿ ಈರುಳ್ಳಿ ಕ್ರೇಟಿನಲ್ಲಿ ತುಂಬಿಡಿ. ಕಾಂಟೆಸ್ಸಾದ ಒಂದು ಡ್ಯಾಶ್‌ಬೋರ್ಡ್ ಸ್ವಿಚ್ಚಿಗೆ ಬೆಂಗಳೂರಿನ ಜೆ.ಸಿ. ರಸ್ತೆ, ಶಿವಾಜಿನಗರದ ಗುಜರಿ, ಚೆನ್ನೈನ ಪುದುಪೇಟೆ ಅಲೆಯಬೇಕಾದೀತು.

ಎತ್ತಿನ ಗಾಡಿಗೆ ಹುಲ್ಲು ಹೇರಿದವರಿಗೆ ಮುಂಭಾರ, ಹಿಂಭಾರ ಎಂದರೇನೆಂದು ಹೇಳಿಕೊಡಬೇಕಿಲ್ಲ. ಕಾರಿಗೂ ಅದೇ ಲೆಕ್ಕ. ಕಾಂಟೆಸ್ಸಾ ಮುಂಭಾರದ ಗಾಡಿ. ಹಿಂದಿನದನ್ನೆಲ್ಲ ಬಿಚ್ಚಿದ ಮೇಲೆ ಆ ಮುಂಭಾರ ಇನ್ನೂ ಎದ್ದು ಕಾಣುತ್ತದೆ. ಆದ್ದರಿಂದ ಬ್ಯಾಟರಿಯನ್ನು ಡಿಕ್ಕಿಗೆ ಸಾಗಿಸಿ, ಗಟ್ಟಿ ಪಟ್ಟಿ ಹಾಕಿ ಬಿಗಿದು, ಮೇಲೆ ಮುಚ್ಚಳ ಹಾಕಿ. ಮುಂದಿನ ಕಬ್ಬಿಣದ ಬಂಪರನ್ನು ತೆಗೆಯುವ ಮುಂಚೆ ನೀವು ಹೋಗುವ ಸ್ಪರ್ಧೆಯ ನಿಯಮದಲ್ಲಿ ಅವಕಾಶವಿದೆಯೇ ನೋಡಿ.

ಪಂಜರ, ಸೀಟು, ಬೆಲ್ಟು

ಹತ್ತು ರೂಪಾಯಿ ಇದ್ದರೆ ನಾಲ್ಕು ಇಲ್ಲಿಗೇ ಹೋಗಬೇಕು ಎಂಬುದು ನನ್ನ ಲೆಕ್ಕ. ಮಣ್ಣಿನಲ್ಲಿ ಕಾರು ಮಗುಚುವುದು ವೇಗದಿಂದಲ್ಲ. ಅಡ್ಡ ಜಾರುವ ಚಕ್ರ ಹಳ್ಳಕ್ಕೆ ಸಿಕ್ಕಿಕೊಂಡರೆ ನಲವತ್ತು ಕಿಲೋಮೀಟರ್ ವೇಗವೂ ಸಾಕು.

ರೋಲ್ ಕೇಜ್ ಎಂದರೆ ಕಾರಿನೊಳಗೆ ಕಟ್ಟುವ ಉಕ್ಕಿನ ಪಂಜರ. ಬೆಸುಗೆ ಜೋಡಣೆಯಿಲ್ಲದೆ ತಣ್ಣಗೆ ಎಳೆದು ಮಾಡಿದ ಉಕ್ಕಿನ ಪೈಪನ್ನು ಬಳಸಬೇಕು. ಅಂಗಡಿಯಲ್ಲಿ ಸಿಡಿಎಸ್ ಪೈಪು ಎಂದು ಕೇಳಿ. ಅಂತರರಾಷ್ಟ್ರೀಯ ಸಂಸ್ಥೆ ಎಫ್‌ಐಎ ಹೇಳುವಂತೆ ಚಾಲಕನ ಬೆನ್ನ ಹಿಂದಿನ ಮುಖ್ಯ ಕಮಾನಿಗೆ 45 ಮಿ.ಮೀ. ವ್ಯಾಸ, 2.5 ಮಿ.ಮೀ. ದಪ್ಪ ಇರಬೇಕು, ಇಲ್ಲವೇ 50 ವ್ಯಾಸ, 2 ದಪ್ಪ. ಉಳಿದ ಪೈಪುಗಳಿಗೆ 38 ವ್ಯಾಸ, 2.5 ದಪ್ಪ. ಪಂಜರದ ಕಾಲುಗಳು ಫ್ಲೋರಿನ ತಗಡಿನ ಮೇಲೆ ಬರಿದೇ ನಿಂತರೆ ಮಗುಚಿದಾಗ ತಗಡನ್ನೇ ತೂತು ಮಾಡಿಕೊಂಡು ಇಳಿಯುತ್ತವೆ. ಅದಕ್ಕೇ 3 ಮಿ.ಮೀ. ದಪ್ಪದ, ಕನಿಷ್ಠ 120 ಚದರ ಸೆಂ.ಮೀ. ವಿಸ್ತೀರ್ಣದ ಪ್ಲೇಟು ಅಡಿಗೆ ಬೇಕು. ಶೆಡ್ಡಿಗೆ ಹಾಕುವ ಜಿಐ ನೀರಿನ ಪೈಪನ್ನು ಬಗ್ಗಿಸಿ ಪೇಂಟ್ ಬಳಿದು ಕೇಜ್ ಎಂದು ಕೊಡುವವರಿದ್ದಾರೆ. ಅದಕ್ಕಿಂತ ಏನೂ ಇಲ್ಲದಿರುವುದು ಲೇಸು, ಏಕೆಂದರೆ ಆಗ ಕನಿಷ್ಠ ನೀವು ಹುಷಾರಾಗಿ ಓಡಿಸುತ್ತೀರಿ. ಗೇಟು, ಗ್ರಿಲ್ ಮಾಡುವ ವೆಲ್ಡಿಂಗ್ ಅಂಗಡಿಗೂ ಇದನ್ನು ಕೊಡಬೇಡಿ. ಈ ಒಂದು ಕೆಲಸಕ್ಕೆ ಬೆಂಗಳೂರಿಗೋ ಕೊಯಮತ್ತೂರಿಗೋ ಹೋಗಿ, ಮೊದಲೇ ರ್‍ಯಾಲಿ ಕಾರು ಕಟ್ಟಿದವರ ಕೈಗೆ ಕೊಡಿ. ಇನ್ನೊಂದು: ಕೇಜ್ ಇರುವ ಕಾರನ್ನು ಹೆಲ್ಮೆಟ್ ಇಲ್ಲದೆ ಓಡಿಸಬಾರದು. ಸಣ್ಣ ಢಿಕ್ಕಿಯಲ್ಲೂ ಬರಿದಲೆ ಪೈಪಿಗೆ ಬಡಿಯುತ್ತದೆ.

ಕಾಂಟೆಸ್ಸಾದ ಮೂಲ ಸೀಟು ಸೋಫಾದ ಜಾತಿಯದು. ತಿರುವಿನಲ್ಲಿ ಚಾಲಕ ಜಾರಿ ಸ್ಟೇರಿಂಗಿಗೆ ಜೋತುಬೀಳುತ್ತಾನೆ. ಸ್ಟೇರಿಂಗ್ ಇರುವುದು ತಿರುಗಿಸುವುದಕ್ಕೆ, ಹಿಡಿದುಕೊಂಡು ಕೂರುವುದಕ್ಕಲ್ಲ. ಬಕೆಟ್ ಸೀಟು, ನಾಲ್ಕು ಅಥವಾ ಆರು ಕಡೆ ಬಿಗಿಯುವ ಬೆಲ್ಟು, ಮೋಟಾರ್ ಸ್ಪರ್ಧೆಗೆಂದೇ ಪ್ರಮಾಣಪತ್ರ ಪಡೆದ ಹೆಲ್ಮೆಟ್, ಒಳಗಿಂದಲೂ ಹೊರಗಿಂದಲೂ ಕರೆಂಟು ಕಡಿಯಬಹುದಾದ ಕಟ್‌ಆಫ್ ಸ್ವಿಚ್, ಕೈಗೆಟುಕುವ ಬೆಂಕಿ ಆರಿಸುವ ಸಿಲಿಂಡರ್, ಹಿಂದೆ ಮುಂದೆ ಎಳೆಯುವ ಕೊಂಡಿ ಹಾಕಿಸಿ. ತಪಾಸಣೆಗೆ ಬಂದವರು ಮೊದಲು ನೋಡುವುದೇ ಇವನ್ನು.

ಬ್ರೇಕು, ಆಮೇಲೆ ಸಸ್ಪೆನ್ಷನ್ನು

ಇಪ್ಪತ್ತೈದು ಮೂವತ್ತು ವರ್ಷದ ಬ್ರೇಕ್ ಪೈಪುಗಳನ್ನು ನಂಬಬೇಡಿ. ಲೋಹದ ಪೈಪು, ರಬ್ಬರ್ ಹೋಸು, ಮಾಸ್ಟರ್ ಸಿಲಿಂಡರಿನ ವಾಷರ್, ವೀಲ್ ಸಿಲಿಂಡರ್ ಎಲ್ಲ ಹೊಸದು ಹಾಕಿಸಿ, ಡಾಟ್ 4 ಆಯಿಲ್ ತುಂಬಿಸಿ. ಗಾಳಿ ತೆಗೆಯುವಾಗ ಮಾಸ್ಟರ್ ಸಿಲಿಂಡರಿಗೆ ಅತಿ ದೂರದ ಚಕ್ರದಿಂದ ಶುರು. ಖರೀದಿಸುವಾಗಲೇ ಮುಂದೆ ಡಿಸ್ಕ್ ಇರುವ ಗಾಡಿಯನ್ನು ಆರಿಸಿದ್ದರೆ ಕೆಲಸ ಹಗುರ. ಹಿಂದಿನ ಡ್ರಮ್ಮಿಗೆ ಧೂಳು ತುಂಬುತ್ತದೆ. ಪ್ರತಿ ಸ್ಪರ್ಧೆಯಾದ ಮೇಲೆ ಬಿಚ್ಚಿ ಒರೆಸಿ. ಹ್ಯಾಂಡ್‌ಬ್ರೇಕನ್ನು ಮಾತ್ರ ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಆಟೋಕ್ರಾಸಿನಲ್ಲಿ ಅದು ಅರ್ಧ ಸ್ಟೇರಿಂಗ್ ಇದ್ದಂತೆ: ಮೊಣಕಾಲಿನಂತೆ ಮಡಚಿದ ತಿರುವಿನಲ್ಲಿ ಒಂದು ಎಳೆತಕ್ಕೆ ಬಾಲ ತಿರುಗಬೇಕು. ಕೇಬಲ್ ಹೊಸದಿರಲಿ, ಎರಡೂ ಚಕ್ರಕ್ಕೆ ಸಮನಾಗಿ ಹಿಡಿಯಲಿ.

ಸಸ್ಪೆನ್ಷನ್ ವಿಷಯದಲ್ಲಿ ಕಾಂಟೆಸ್ಸಾಕ್ಕೆ ಒಂದು ಅನುಕೂಲವಿದೆ. ಅಂಬಾಸಿಡರಿನಂತೆ ಹಿಂದೆ ಪಟ್ಟಿ ಸ್ಪ್ರಿಂಗಲ್ಲ, ಗಟ್ಟಿ ಆಕ್ಸಲ್ ಇದ್ದರೂ ಕಾಯಿಲ್ ಸ್ಪ್ರಿಂಗಿದೆ. ಮೊದಲ ತಲೆಮಾರಿನ ಮಸ್ಟಾಂಗ್, ಕ್ಯಾಮರೊ ಕಟ್ಟುವ ಅಮೆರಿಕನ್ನರು ಹಿಂದಿನ ಪಟ್ಟಿ ಸ್ಪ್ರಿಂಗಿನ ಜೊತೆ ಗುದ್ದಾಡುವಷ್ಟು ನಾವು ಗುದ್ದಾಡಬೇಕಿಲ್ಲ. ಮೊದಲ ಕೆಲಸ, ಎಲ್ಲ ರಬ್ಬರ್ ಬುಷ್ಷುಗಳನ್ನೂ ಬದಲಿಸುವುದು. ಸಿಗದಿದ್ದರೆ ಅಳತೆ ಕೊಟ್ಟು ಪಾಲಿಯುರೇಥೇನಿನಲ್ಲಿ ಮಾಡಿಸಬಹುದು. ಆಮೇಲೆ ನಾಲ್ಕೂ ಶಾಕ್ ಅಬ್ಸಾರ್ಬರ್. ಒಂದು ಒಳ್ಳೆಯದು, ಒಂದು ಹಳೆಯದು ಎಂಬ ಉಳಿತಾಯ ಬೇಡ.

ಸ್ಪ್ರಿಂಗ್ ಕತ್ತರಿಸಿ ಕಾರನ್ನು ತಗ್ಗಿಸುವ ಚಟ ನಮ್ಮ ಹುಡುಗರಿಗೆ ಬಹಳ. ಡಾಂಬರಿನ ಆಟಕ್ಕೆ ತಗ್ಗು ಸರಿ. ನಮ್ಮದು ಮಣ್ಣು. ಬೆಳಿಗ್ಗೆ ಸಪಾಟಾಗಿದ್ದ ಟ್ರ್ಯಾಕು ಮಧ್ಯಾಹ್ನದ ಹೊತ್ತಿಗೆ ಉಳುಮೆ ಮಾಡಿದ ಹೊಲವಾಗಿರುತ್ತದೆ, ತಗ್ಗಿದ ಕಾರಿನ ಆಯಿಲ್ ಸಂಪು ಒಡೆಯುತ್ತದೆ. ಎತ್ತರ ಮೂಲದಷ್ಟೇ ಇರಲಿ, ಎಂಜಿನ್ ಕೆಳಗೆ ದಪ್ಪ ತಗಡಿನ ಗಾರ್ಡ್ ಬರಲಿ. ಮುಂದಿನ ಚಕ್ರಗಳ ಮೇಲ್ತುದಿ ಒಂದು ಡಿಗ್ರಿಯಷ್ಟು ಒಳಕ್ಕೆ ವಾಲುವಂತೆ ಅಲೈನ್‌ಮೆಂಟ್ ಅಂಗಡಿಯಲ್ಲಿ ಹೊಂದಿಸಿಕೊಂಡರೆ ತಿರುವಿನಲ್ಲಿ ಹಿಡಿತ ಹೆಚ್ಚುತ್ತದೆ.

ಹಿಂದಿನ ಡಿಫರೆನ್ಷಿಯಲ್ ಬಗ್ಗೆ ಎರಡು ಮಾತು. ತಿರುವಿನಲ್ಲಿ ಒಳಗಿನ ಚಕ್ರದ ಭಾರ ಇಳಿದು ಅದು ಸುಮ್ಮನೆ ಸುತ್ತುತ್ತದೆ, ಶಕ್ತಿಯೆಲ್ಲ ಅಲ್ಲೇ ಸೋರಿಹೋಗುತ್ತದೆ. ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್ ಹಾಕುವುದು ಸರಿಯಾದ ಪರಿಹಾರ, ಆದರೆ ಕಾಂಟೆಸ್ಸಾಕ್ಕೆ ಹೊಂದುವಂಥದ್ದು ಸಿದ್ಧವಾಗಿ ಸಿಗುವ ಆಸೆ ಇಟ್ಟುಕೊಳ್ಳಬೇಡಿ. ಅಗ್ಗದ ದಾರಿ, ಒಳಗಿನ ಗೇರುಗಳನ್ನು ವೆಲ್ಡ್ ಮಾಡಿ ಎರಡೂ ಚಕ್ರ ಒಟ್ಟಿಗೇ ತಿರುಗುವಂತೆ ಮಾಡುವುದು. ಮಣ್ಣಿನಲ್ಲಿ ಅದು ಚೆನ್ನಾಗಿಯೇ ಕೆಲಸ ಮಾಡುತ್ತದೆ. ಬಾಲ ಹೇಳಿದಂತೆ ಕೇಳುತ್ತದೆ. ಆದರೆ ಗಟ್ಟಿ ನೆಲದಲ್ಲಿ ಟೈರು ಕಿರುಚುತ್ತದೆ, ಆಕ್ಸಲ್ ಶಾಫ್ಟು ಒಂದು ದಿನ ಮುರಿಯುತ್ತದೆ. ಒಂದು ಜೊತೆ ಶಾಫ್ಟು ಹೆಚ್ಚಿಗೆ ಇಟ್ಟುಕೊಂಡವರು ಮಾತ್ರ ಇದಕ್ಕೆ ಕೈ ಹಾಕಲಿ.

ಟೈರಿನಲ್ಲಿ ಅಗಲ ಹೆಚ್ಚಾದಷ್ಟೂ ಒಳ್ಳೆಯದು ಎಂಬುದು ಡಾಂಬರಿನ ತಿಳಿವಳಿಕೆ. ಸಡಿಲ ಮಣ್ಣಿನಲ್ಲಿ ಕಿರಿದಾದ, ದಪ್ಪ ಗುಬ್ಬಿಗಳ ಟೈರು ಮೇಲಿನ ಪುಡಿ ಸೀಳಿ ಕೆಳಗಿನ ಗಟ್ಟಿ ನೆಲ ಹಿಡಿಯುತ್ತದೆ. ಗಾಳಿ 30 ಪೌಂಡಿನಿಂದ ಶುರುಮಾಡಿ, ಎರಡೆರಡು ಪೌಂಡು ಏರಿಸಿ ಇಳಿಸಿ ನೋಡಿ. ತೀರಾ ಇಳಿಸಿದರೆ ಅಡ್ಡ ಜಾರುವಾಗ ಟೈರು ರಿಮ್ಮಿನಿಂದ ಕಳಚಿಕೊಳ್ಳುತ್ತದೆ.

ಎಂಜಿನ್ನಿಗೆ ಬೇಕಾದ್ದು ಇಷ್ಟೇ

ಮೊದಲು ಕಂಪ್ರೆಷನ್ ನೋಡಿಸಿ. ನಾಲ್ಕೂ ಸಿಲಿಂಡರು ಸಾಕಷ್ಟು ಒತ್ತಡವನ್ನು, ಅದೂ ಹೆಚ್ಚುಕಡಿಮೆ ಒಂದೇ ಲೆಕ್ಕದಲ್ಲಿ ತೋರಿಸಿದರೆ ಎಂಜಿನ್ ಬಿಚ್ಚಬೇಡಿ. ಟ್ಯಾಪೆಟ್, ಪ್ಲಗ್ಗು, ಡಿಸ್ಟ್ರಿಬ್ಯೂಟರ್, ಕಾರ್ಬ್ಯುರೇಟರ್ ಸ್ವಚ್ಛ ಮಾಡಿಸಿ ಟೈಮಿಂಗ್ ಸರಿಹೊಂದಿಸಿದರೆ ಕಳೆದುಹೋದ ಕುದುರೆಗಳಲ್ಲಿ ಅರ್ಧ ವಾಪಸು ಬರುತ್ತವೆ.

ಉಳಿದ ಗಮನ ಮೂರು ಕಡೆಗೆ. ಮೊದಲನೆಯದು ಧೂಳು. ಕಾಗದದ ಏರ್ ಫಿಲ್ಟರ್ ಒಂದೇ ಬೆಳಿಗ್ಗೆಗೆ ಕಟ್ಟಿಕೊಳ್ಳುತ್ತದೆ. ಎಣ್ಣೆ ಹಚ್ಚುವ ಸ್ಪಂಜಿನ ಫಿಲ್ಟರ್ ಹಾಕಿ, ಓಟಗಳ ನಡುವೆ ತೊಳೆಯಿರಿ. ಎರಡನೆಯದು ಶಾಖ. ಒಂದೂವರೆ ನಿಮಿಷ ಎಂಜಿನ್ನನ್ನು ಹಿಂಡಿ, ಆಮೇಲೆ ಸಾಲಿನಲ್ಲಿ ಸುಮ್ಮನೆ ನಿಲ್ಲಿಸಿದಾಗಲೇ ಅದು ಕುದಿಯುವುದು, ಓಡುವಾಗಲ್ಲ. ರೇಡಿಯೇಟರ್ ಬಿಚ್ಚಿ ಹೊಸ ಕೋರ್ ಹಾಕಿಸಿ, ಎಂಜಿನ್ ನಿಂತರೂ ತಿರುಗುವಂಥ ಎಲೆಕ್ಟ್ರಿಕ್ ಫ್ಯಾನ್ ಕೂರಿಸಿ. ಮೂರನೆಯದನ್ನು ಬಹಳ ಜನ ಊಹಿಸುವುದಿಲ್ಲ: ಉದ್ದನೆಯ ತಿರುವಿನಲ್ಲಿ ಸಂಪಿನ ಆಯಿಲ್ಲೂ ಕಾರ್ಬ್ಯುರೇಟರಿನ ಪೆಟ್ರೋಲೂ ಒಂದು ಪಕ್ಕಕ್ಕೆ ಸರಿಯುತ್ತವೆ. ಪೆಟ್ರೋಲ್ ಸರಿದರೆ ಎಂಜಿನ್ ಮುಗ್ಗರಿಸುತ್ತದೆ, ಅಷ್ಟೇ. ಆಯಿಲ್ ಸರಿದು ಪಂಪು ಗಾಳಿ ಹೀರಿದರೆ ಬೇರಿಂಗ್ ಹೋಗುತ್ತದೆ. ಸಂಪಿನೊಳಗೆ ಅಡ್ಡ ತಗಡು ಬೆಸೆಯಿಸಿದರೆ ಈ ಕಾಟ ತಪ್ಪುತ್ತದೆ. ತೆರಕಣಾಂಬಿಯ ಸುತ್ತ ಟ್ರ್ಯಾಕ್ಟರ್ ರಿಪೇರಿ ಮಾಡುವವರಿಗೂ ಬರುವ ಕೆಲಸ ಇದು.

ಟರ್ಬೊ, ಬೇರೆ ಎಂಜಿನ್, ದೊಡ್ಡ ಕ್ಯಾಮ್ ಎಂಬ ಕನಸುಗಳನ್ನು ಎರಡು ವರ್ಷ ಮುಂದೂಡಿ. ಎಂಜಿನ್ ಸಿಸಿ ಮೇಲೆ ವರ್ಗ ಮಾಡುವ ಆಟ ಇದು. ಅನುಮತಿಸದ ಒಂದು ಮಾರ್ಪಾಡು ಮಾಡಿದರೆ ಮುಕ್ತ ವರ್ಗಕ್ಕೆ ತಳ್ಳಲ್ಪಟ್ಟು, ದುಡ್ಡಿದ್ದವರ ಕಾರುಗಳ ನಡುವೆ ನಿಲ್ಲಬೇಕಾಗುತ್ತದೆ.

ಅಭ್ಯಾಸ ಎಲ್ಲಿ?

ರಸ್ತೆಯ ಮೇಲಂತೂ ಅಲ್ಲ. ಸಾರ್ವಜನಿಕ ರಸ್ತೆಯಲ್ಲಿ ವೇಗದ ಪಂದ್ಯ 189ನೇ ಸೆಕ್ಷನ್ ಪ್ರಕಾರ ಅಪರಾಧ. ಬಂಡೀಪುರದ ಕಾಡಂಚಿನ ಹಾಳು ಜಮೀನೂ ಬೇಡ. ಊರ ಕೆರೆಯಂಗಳ ದನಗಾಹಿಗಳದು, ಅದನ್ನೂ ಬಿಡಿ. ಸ್ವಂತದ್ದೋ ನೆಂಟರದ್ದೋ ಬೆಳೆ ಕಿತ್ತ ಹೊಲವಿದ್ದರೆ, ಅದೂ ಕೆಂಪು ಗರಸು ಮಣ್ಣಿನದಾದರೆ, ಅದೇ ಸರಿ. ಎರೆ ಭೂಮಿ ಒಣಗಿದರೆ ಬಿರುಕು, ನೆನೆದರೆ ಚಕ್ರ ನುಂಗುತ್ತದೆ. ಜನವರಿಯಿಂದ ಮಾರ್ಚಿವರೆಗಿನ ಒಣ ದಿನಗಳು ಅನುಕೂಲ. ಏಪ್ರಿಲ್ ಮಳೆ ಬಿದ್ದ ಮೇಲೆ ಹೊಲದ ಯಜಮಾನನಿಗೆ ಉಳುಮೆಯ ಚಿಂತೆ, ಆಗ ಕೇಳಲು ಹೋಗಬೇಡಿ. ಹೊಲದಲ್ಲಿ ಕಲ್ಲು ಆರಿಸಿ, ಪಂಪ್‌ಸೆಟ್ಟಿನ ಪೈಪು, ತೆರೆದ ಬಾವಿ ಎಲ್ಲಿವೆ ನೋಡಿ, ಅಕ್ಕಪಕ್ಕದವರಿಗೆ ಹೇಳಿ, ಮಕ್ಕಳನ್ನು ದೂರ ನಿಲ್ಲಿಸಿ.

ಖಾಲಿ ಗೊಬ್ಬರದ ಚೀಲಕ್ಕೆ ಹುಲ್ಲು ತುಂಬಿಸಿ ಸಾಲಾಗಿ ನಿಲ್ಲಿಸಿದರೆ ಕೋನ್ ಬೇಕಿಲ್ಲ. ಸಾಲಿನ ನಡುವೆ ಹಾವಿನಂತೆ ನುಲಿಯುವುದು, ಎಂಟರ ಆಕಾರದಲ್ಲಿ ಸುತ್ತುವುದು, ಓಡಿಬಂದು ಗುರುತಿನ ಗೆರೆಯೊಳಗೆ ನಿಲ್ಲಿಸುವುದು, ಈ ಮೂರನ್ನೇ ಮೊಬೈಲಿನ ಸ್ಟಾಪ್‌ವಾಚ್ ಹಿಡಿದು ಮಾಡಿ. ಚೆನ್ನಾಗಿ ಜಾರಿಸಿದ ಸುತ್ತು ನಿಧಾನವಾಗಿತ್ತೆಂದೂ, ಸಪ್ಪೆ ಎನಿಸಿದ ಸುತ್ತು ವೇಗವಾಗಿತ್ತೆಂದೂ ಗಡಿಯಾರ ತೋರಿಸುತ್ತದೆ. ಹಿಂಚಕ್ರದ ಕಾರಿನ ಹೊಸಬರಿಗೆ ಇದನ್ನು ಒಪ್ಪಿಕೊಳ್ಳುವುದೇ ಕಷ್ಟ. ಜಾರುವುದು ಸುಖ, ಆದರೆ ಸೆಕೆಂಡು ತಿನ್ನುತ್ತದೆ. ಬ್ರೇಕನ್ನು ತಿರುವಿನ ಮುಂಚೆಯೇ ಮುಗಿಸಿ, ನೇರವಾದ ಮೇಲಷ್ಟೇ ಪೂರ್ತಿ ಆಕ್ಸಿಲರೇಟರ್ ಒತ್ತುವವನು ಮುಂದೆ ಬರುತ್ತಾನೆ.

ದೇಶದಲ್ಲಿ ಈ ಕ್ರೀಡೆಯನ್ನು ನಡೆಸುವುದು ಚೆನ್ನೈ ಮೂಲದ ಎಫ್‌ಎಂಎಸ್‌ಸಿಐ. ಅದರ ಮಾನ್ಯತೆ ಇರುವ ಸ್ಪರ್ಧೆಗೆ ಅದರದೇ ಚಾಲಕ ಪರವಾನಗಿ ಬೇಕು, ವೈದ್ಯಕೀಯ ಪ್ರಮಾಣಪತ್ರವೂ ಬೇಕು. ಊರೂರಲ್ಲಿ ಮಾನ್ಯತೆಯಿಲ್ಲದ ಪಂದ್ಯಗಳೂ ನಡೆಯುತ್ತವೆ. ಆಂಬುಲೆನ್ಸ್ ಕಾಣದ, ಪ್ರೇಕ್ಷಕರನ್ನು ತಿರುವಿನ ಹೊರಅಂಚಿನಲ್ಲಿ ನಿಲ್ಲಲು ಬಿಟ್ಟ ಮೈದಾನದಿಂದ ಎಂಟ್ರಿ ಫೀಸು ಹೋದರೂ ಚಿಂತೆಯಿಲ್ಲವೆಂದು ವಾಪಸು ಬನ್ನಿ. ಕಾರು ಸಾಗಿಸುವಾಗ ಇನ್ನೊಂದು ನೆನಪಿರಲಿ: ಕೇರಳ, ಊಟಿಯ ಕಡೆ ಹೋಗುವ ಬಂಡೀಪುರದ ರಸ್ತೆಗಳು ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಮುಚ್ಚಿರುತ್ತವೆ.

ಕಾರು ಕೊಳ್ಳುವ ಮುಂಚೆ ಒಂದು ಆಟೋಕ್ರಾಸಿಗೆ ಪ್ರೇಕ್ಷಕರಾಗಿ ಹೋಗಿ. ಟ್ರ್ಯಾಕಿನ ಪಕ್ಕ ನಿಲ್ಲಬೇಡಿ, ಕಾರುಗಳನ್ನು ರಿಪೇರಿ ಮಾಡುವ ಜಾಗದಲ್ಲಿ ನಿಲ್ಲಿ. ಯಾರ ಕಾರಿನಲ್ಲಿ ಏನು ಮುರಿಯಿತು, ಯಾವ ಬಿಡಿಭಾಗ ಹುಡುಕಿ ಓಡಾಡಿದರು ಎಂದು ಚೀಟಿಯಲ್ಲಿ ಬರೆದುಕೊಳ್ಳಿ. ಗ್ಯಾರೇಜಿಗೆ ಮೊದಲು ಕೊಡಬೇಕಾದ್ದು ಆ ಚೀಟಿಯನ್ನು.